ಬೆಂಗಳೂರಿನಲ್ಲಿ ಫ್ಲಾಟಾ, ಮೈಸೂರಲ್ಲಿ ಮನೆಯಾ? ಕಾವೇರಿ 2.0 ಬಳಸಿ ನೋಡಿದ ಮೇಲೆ

ಸ್ವಂತ ಮನೆ ತೆಗೆದುಕೊಳ್ಳಬೇಕು ಅಂತಿರುವವರಿಗೆ ನನ್ನ ಮೊದಲ ಸಲಹೆ ಇದು: ಬ್ರೋಕರ್‌ಗೆ ಫೋನ್ ಮಾಡುವ ಮುಂಚೆ ಕಾವೇರಿ 2.0 ತೆರೆಯಿರಿ. ನೋಂದಣಿ ಮತ್ತು ಮುದ್ರಾಂಕ ಇಲಾಖೆಯ ವೆಬ್‌ಸೈಟ್ ಇದು, 2023ರಲ್ಲಿ ಬಂತು. ರಿಜಿಸ್ಟ್ರೇಷನ್ ದಿನ ಹತ್ತಿರ ಬಂದಾಗ ಮಾತ್ರ ಹೆಚ್ಚಿನವರು ಇದರ ಕಡೆ ನೋಡುತ್ತಾರೆ, ಅದೂ ಪತ್ರ ಬರೆಯುವವರ ಕೈಗೆ ಎಲ್ಲಾ ಬಿಟ್ಟು. ನನ್ನ ಕೆಲಸ ಬೆಂಗಳೂರಿನಲ್ಲಿ, ಅಪ್ಪ ಅಮ್ಮ ಇರುವುದು ಹುಬ್ಬಳ್ಳಿಯಲ್ಲಿ, ಹೆಂಡತಿಯ ತವರು ಮೈಸೂರು. ಮೂರೂ ಊರಲ್ಲಿ ನಮ್ಮ ದುಡ್ಡಿಗೆ ಏನು ಬರುತ್ತೆ ಅಂತ ಕೂತು ಲೆಕ್ಕ ಹಾಕಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಸಿಗಲಿಲ್ಲ.

ಇದರಲ್ಲಿ ನನಗೆ ತುಂಬಾ ಉಪಯೋಗಕ್ಕೆ ಬಂದದ್ದು ಮಾರ್ಗಸೂಚಿ ದರ ನೋಡುವ ಸೌಲಭ್ಯ. ಎಲ್ಲರ ಬಾಯಲ್ಲೂ ಅದು ಗೈಡೆನ್ಸ್ ವ್ಯಾಲ್ಯೂ. ಜಿಲ್ಲೆ, ಏರಿಯಾ, ರಸ್ತೆ ಅಂತ ಆರಿಸಿಕೊಂಡು ಹೋದರೆ ಸರ್ಕಾರ ಆ ಜಾಗಕ್ಕೆ ಕಟ್ಟಿರುವ ಕನಿಷ್ಠ ಬೆಲೆ ಸಿಗುತ್ತದೆ. ಮಾರುಕಟ್ಟೆ ದರ ಇದಕ್ಕಿಂತ ಬೇರೆ, ಬೆಂಗಳೂರಿನ ಬೇಡಿಕೆ ಇರುವ ಕಡೆಗಳಲ್ಲಂತೂ ಸಾಕಷ್ಟು ಜಾಸ್ತಿ. ಆದರೂ ಊರಿಂದ ಊರಿಗೆ ಹೋಲಿಸಲು ಒಂದೇ ಅಳತೆಗೋಲು ಸಿಕ್ಕಿತಲ್ವಾ, ಅದೇ ದೊಡ್ಡದು. ಒಂದು ವಿಷಯ ನೆನಪಿಡಿ. ಇಲ್ಲಿ ದರ ಇರುವುದು ಚದರ ಮೀಟರ್ ಲೆಕ್ಕದಲ್ಲಿ, ನಾವು ಮಾತಾಡುವುದು ಚದರಡಿಯಲ್ಲಿ. 10.76ರಿಂದ ಭಾಗಿಸಿ. ಮೀಟರಿಗೆ 50,000 ಅಂತಿದ್ದರೆ ಅಡಿಗೆ ಸುಮಾರು 4,650 ರೂಪಾಯಿ ಅಷ್ಟೇ. ಭಾಗಿಸದೆ ನೋಡಿದವರು ಗಾಬರಿಯಾಗುತ್ತಾರೆ. ಇನ್ನೊಂದು, 2023ರ ಅಕ್ಟೋಬರ್‌ನಲ್ಲಿ ರಾಜ್ಯದಾದ್ಯಂತ ಈ ದರ ಏರಿಸಿದ್ದಾರೆ, ಹಾಗಾಗಿ ಯಾರೋ ಕಳಿಸಿದ ಹಳೆಯ ಪಿಡಿಎಫ್ ನಂಬಿಕೊಂಡು ಕೂರಬೇಡಿ.

ಹೀಗೆ ನೋಡುತ್ತಾ ಹೋದಾಗ ಒಂದು ಸಂಗತಿ ಚೆನ್ನಾಗಿ ಅರ್ಥವಾಯಿತು. ಸಿಮೆಂಟ್, ಕಬ್ಬಿಣ, ಟೈಲ್ಸ್ ಹುಬ್ಬಳ್ಳಿಯಲ್ಲೂ ಹೆಚ್ಚುಕಡಿಮೆ ಅದೇ ರೇಟು, ಬೆಂಗಳೂರಲ್ಲೂ ಅದೇ. ಕೂಲಿಯಲ್ಲಿ ಸ್ವಲ್ಪ ವ್ಯತ್ಯಾಸ ಇರಬಹುದು. ಊರಿಂದ ಊರಿಗೆ ಬೆಲೆ ಇಷ್ಟೊಂದು ಬದಲಾಗುವುದು ಕೆಳಗಿನ ನೆಲದಿಂದ. ಹಾಗಿದ್ದ ಮೇಲೆ ಬೆಂಗಳೂರಿನಲ್ಲಿ ಅಷ್ಟು ದುಡ್ಡು ಕೊಟ್ಟು ಫ್ಲಾಟ್ ತೆಗೆದುಕೊಳ್ಳುವವರು ಕೇಳಲೇಬೇಕಾದ ಪ್ರಶ್ನೆ, ಇದರಲ್ಲಿ ನನ್ನ ಹೆಸರಿಗೆ ನೆಲ ಎಷ್ಟು ಬರುತ್ತೆ ಅಂತ. ನಾವು ನೋಡಿದ ಒಂದು ಪ್ರಾಜೆಕ್ಟಿನ ಸೇಲ್ಸ್ ಆಫೀಸಿನಲ್ಲಿ ಈಜುಕೊಳ, ಕ್ಲಬ್ ಹೌಸ್, ಮಕ್ಕಳ ಆಟದ ಜಾಗ ಎಲ್ಲಾ ತೋರಿಸಿದರು, ಯುಡಿಎಸ್, ಅಂದರೆ ಜಮೀನಿನಲ್ಲಿ ನಮ್ಮ ಪಾಲು, ಎಷ್ಟು ಅಂತ ಕೇಳಿದರೆ ಮಾತು ಬದಲಿಸಿದರು. ಕ್ರಯಪತ್ರದ ಕರಡು ಕೊಡಿ ಅಂತ ಪಟ್ಟು ಹಿಡಿದ ಮೇಲೆ ಕೊಟ್ಟರು. ಅದರ ಕೊನೆಯ ಪುಟಗಳಲ್ಲಿ ಮೂರು ಷೆಡ್ಯೂಲ್ ಇರುತ್ತವೆ. 'ಎ'ಯಲ್ಲಿ ಇಡೀ ಜಮೀನು, ಅದರ ಚಕ್ಕುಬಂದಿ, ಅಂದರೆ ಪೂರ್ವಕ್ಕೆ ಯಾರದು, ಪಶ್ಚಿಮಕ್ಕೆ ಏನು ಅನ್ನುವುದು. 'ಬಿ'ಯಲ್ಲಿ ಆ ಜಮೀನಿನಲ್ಲಿ ನಮಗೆ ಬರುವ ಅವಿಭಾಜ್ಯ ಪಾಲು. 'ಸಿ'ಯಲ್ಲಿ ಫ್ಲಾಟ್. ಆ 'ಬಿ' ಷೆಡ್ಯೂಲಿನ ಒಂದೇ ಸಾಲನ್ನು ಓದಿ ಸಾಕು. ಬ್ರೋಷರ್‌ನಲ್ಲಿ ದಪ್ಪ ಅಕ್ಷರದಲ್ಲಿದ್ದ ಸೂಪರ್ ಬಿಲ್ಟಪ್ (ಮೆಟ್ಟಿಲು, ಲಿಫ್ಟಿನಂಥ ಎಲ್ಲರ ಜಾಗವೂ ಸೇರಿದ) ಅಳತೆಯ ಪಕ್ಕ ಅದನ್ನು ಇಟ್ಟು ನೋಡಿದಾಗ ನಾವಿಬ್ಬರೂ ಸುಮ್ಮನಾದೆವು.

ಈಗ ದುಡ್ಡಿನ ಲೆಕ್ಕ. ಕಾವೇರಿಯಲ್ಲೇ ಮುದ್ರಾಂಕ ಶುಲ್ಕ ಎಷ್ಟಾಗುತ್ತೆ ಅಂತ ಮೊದಲೇ ನೋಡಿಕೊಳ್ಳಬಹುದು, ಇದನ್ನು ದಯವಿಟ್ಟು ಮಾಡಿ. ಗೈಡೆನ್ಸ್ ವ್ಯಾಲ್ಯೂ ಮತ್ತು ನೀವು ಕೊಡುವ ಬೆಲೆ, ಇವೆರಡರಲ್ಲಿ ಯಾವುದು ಜಾಸ್ತಿಯೋ ಅದರ ಮೇಲೆ ಶುಲ್ಕ. ಒಂದು ಕೋಟಿಯ ರೆಡಿ ಫ್ಲಾಟ್ ಅಂದುಕೊಳ್ಳಿ. ಮುದ್ರಾಂಕ ಶುಲ್ಕ 5%, ಅದರ ಮೇಲೆ ಸೆಸ್ಸು ಮತ್ತು ಸರ್‌ಚಾರ್ಜು ಸೇರಿ ನಗರದಲ್ಲಿ 5.6% ಆಗುತ್ತದೆ. ನೋಂದಣಿ ಶುಲ್ಕ ಮೊದಲು 1% ಇತ್ತು, 2025ರ ಆಗಸ್ಟ್ 31ರಿಂದ 2% ಮಾಡಿದ್ದಾರೆ. ಒಟ್ಟು 7.6%, ಅಂದರೆ 7 ಲಕ್ಷ 60 ಸಾವಿರ. ಬ್ಯಾಂಕು ಇದಕ್ಕೆ ಸಾಲ ಲೆಕ್ಕ ಹಾಕುವುದಿಲ್ಲ. ಫ್ಲಾಟಿನ ಬೆಲೆಯ ಮೇಲೂ, 75 ಲಕ್ಷ ದಾಟಿದ ಸಾಲವಾದರೆ ಬೆಲೆಯ 75% ಮೀರಿ ಕೊಡುವ ಹಾಗಿಲ್ಲ ಅಂತ ರಿಸರ್ವ್ ಬ್ಯಾಂಕಿನ ನಿಯಮವಿದೆ. ಹಾಗಾಗಿ ಕೈಯಿಂದ 25 ಲಕ್ಷ ಪ್ಲಸ್ ಈ 7.6 ಲಕ್ಷ, ಒಟ್ಟು 32.6 ಲಕ್ಷ ರೆಡಿ ಇರಬೇಕು. ಉಳಿದ 75 ಲಕ್ಷಕ್ಕೆ 8.5% ಬಡ್ಡಿ, 20 ವರ್ಷ ಅಂದರೆ ತಿಂಗಳಿಗೆ 65,000 ಚಿಲ್ಲರೆ ಕಂತು. ಒಳಗಿನ ಮರಗೆಲಸ, ಸೊಸೈಟಿ ಡಿಪಾಸಿಟ್, ಪಾರ್ಕಿಂಗ್ ಎಲ್ಲಾ ಇದರ ಮೇಲೆ.

ಅದೇ 40 ಲಕ್ಷದ ಹೊಸ ಫ್ಲಾಟ್, ಬಿಲ್ಡರ್‌ನಿಂದ ನೇರವಾಗಿ ಮೊದಲ ಸಲ ಮಾರಾಟವಾಗುತ್ತಿರುವುದು, ಅದಕ್ಕೆ ಮುದ್ರಾಂಕ ಶುಲ್ಕ 3%. ಎಲ್ಲಾ ಸೇರಿ ಸುಮಾರು 2 ಲಕ್ಷ 14 ಸಾವಿರ. 80% ಸಾಲ ಸಿಕ್ಕರೆ ಕಂತು 28,000ದ ಒಳಗೆ. ಈ ಬೆಲೆಗೆ ಬೆಂಗಳೂರಿನೊಳಗೆ ನಮಗೆ ಬೇಕಾದ ಅಳತೆಯದು ಸಿಗುವುದು ಕಷ್ಟ. ಹುಬ್ಬಳ್ಳಿ, ಮೈಸೂರಿನಲ್ಲಿ ಹುಡುಕಿದರೆ ಸಿಗುತ್ತದೆ.

ಊರು ಬದಲಾದರೆ ತೆರಿಗೆಯೂ ಬದಲಾಗುತ್ತೆ ಅನ್ನುವುದು ಎಷ್ಟೋ ಜನರಿಗೆ ಗೊತ್ತಿಲ್ಲ. ಇನ್ನೂ ಕಟ್ಟುತ್ತಿರುವ ಫ್ಲಾಟಿಗೆ ಜಿಎಸ್‌ಟಿ 5%, ಆದರೆ 45 ಲಕ್ಷದೊಳಗಿನ ಚಿಕ್ಕ ಮನೆಗೆ 1%. 'ಚಿಕ್ಕದು' ಅಂದರೆ ಬೆಂಗಳೂರಿನಲ್ಲಿ ಕಾರ್ಪೆಟ್ ಏರಿಯಾ (ಮನೆಯೊಳಗೆ ಬಳಸಲು ಸಿಗುವ ಜಾಗ) 60 ಚದರ ಮೀಟರ್‌ವರೆಗೆ, ಮೈಸೂರು ಹುಬ್ಬಳ್ಳಿಯಂಥ ಊರುಗಳಲ್ಲಿ 90ರವರೆಗೆ. 44 ಲಕ್ಷಕ್ಕೆ 850 ಚದರಡಿ (ಸುಮಾರು 79 ಚದರ ಮೀಟರ್) ಕಾರ್ಪೆಟ್ ಇರುವ ಮನೆ ಬೆಂಗಳೂರಿನಲ್ಲಿ ಬುಕ್ ಮಾಡಿದರೆ 2 ಲಕ್ಷ 20 ಸಾವಿರ ಜಿಎಸ್‌ಟಿ, ಮೈಸೂರಿನಲ್ಲಾದರೆ 44 ಸಾವಿರ. ಓಸಿ, ಅಂದರೆ ಕಟ್ಟಡ ವಾಸಕ್ಕೆ ಸಿದ್ಧ ಅನ್ನುವ ಪ್ರಮಾಣಪತ್ರ, ಬಂದ ಮೇಲೆ ಮಾರುವ ರೆಡಿ ಮನೆಗೆ ಜಿಎಸ್‌ಟಿಯೇ ಇಲ್ಲ.

ಕಾವೇರಿಯ ಎರಡನೇ ದೊಡ್ಡ ಉಪಯೋಗ ಇಸಿ. ಋಣಭಾರ ಪತ್ರ. ಮನೆಯಲ್ಲೇ ಕೂತು ಹುಡುಕಿ, ಶುಲ್ಕ ಕಟ್ಟಿ ಡಿಜಿಟಲ್ ಸಹಿ ಇರುವ ಪ್ರತಿ ತೆಗೆದುಕೊಳ್ಳಬಹುದು. ಯಾರು ಯಾರಿಗೆ ಯಾವಾಗ ಮಾರಿದರು, ಎಷ್ಟಕ್ಕೆ ಅಂತ ಪತ್ರದಲ್ಲಿ ತೋರಿಸಿದರು, ಅಡಮಾನ ಇದೆಯಾ, ಎಲ್ಲಾ ಅದರಲ್ಲಿ ಸಾಲಾಗಿ ಬರುತ್ತದೆ. ಹಳೆಯ ವರ್ಷಗಳದ್ದು ಬೇಕಾದರೆ ಮಾತ್ರ ಉಪ ನೋಂದಣಿ ಕಚೇರಿಗೆ ಹೋಗಬೇಕಾಗುತ್ತದೆ. ಆದರೆ ಇಸಿ ಕ್ಲೀನ್ ಇದೆ ಅಂದ ಮಾತ್ರಕ್ಕೆ ಜಾಗ ಕ್ಲೀನ್ ಅಂತ ಅಲ್ಲ. ನೋಂದಣಿಯಾಗದ ಅಗ್ರಿಮೆಂಟು, ಅಣ್ಣತಮ್ಮಂದಿರ ಪಾಲಿನ ಜಗಳ, ಕೋರ್ಟಿನಲ್ಲಿರುವ ಕೇಸು ಅದರಲ್ಲಿ ಕಾಣುವುದಿಲ್ಲ. ಅದಕ್ಕೆ ಒಬ್ಬ ಒಳ್ಳೆಯ ವಕೀಲರು ಬೇಕೇ ಬೇಕು, ಬಿಲ್ಡರ್ ಕಡೆಯವರು ಬೇಡ.

ಕೊರತೆಗಳೂ ಇವೆ. ಒಂದು ಜಾಗ ನೋಡಲು ಎಷ್ಟೊಂದು ಕಡೆ ಓಡಾಡಬೇಕು ನೋಡಿ: ದರ ಮತ್ತು ಇಸಿ ಕಾವೇರಿಯಲ್ಲಿ, ಪ್ರಾಜೆಕ್ಟಿನ ಅನುಮತಿಗಳು ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ವೆಬ್‌ಸೈಟಿನಲ್ಲಿ, ಪಹಣಿ 'ಭೂಮಿ' ವೆಬ್‌ಸೈಟಿನಲ್ಲಿ, ನಕ್ಷೆ ದಿಶಾಂಕ್ ಆ್ಯಪಿನಲ್ಲಿ. ದಿಶಾಂಕ್ ಮಾತ್ರ ಬಿಡಬೇಡಿ. ಸೈಟಿನ ಮೇಲೆ ನಿಂತು ಅದನ್ನು ತೆರೆದರೆ ಕಾಲ ಕೆಳಗಿನ ಸರ್ವೆ ನಂಬರ್ ತೋರಿಸುತ್ತದೆ, ಗ್ರಾಮ ನಕ್ಷೆಯಲ್ಲಿ ಪಕ್ಕದಲ್ಲಿ ಕೆರೆಯೋ ರಾಜಕಾಲುವೆಯೋ ಇದ್ದರೆ ಅದೂ ಕಾಣುತ್ತದೆ. 2024ರ ಅಕ್ಟೋಬರ್‌ನಿಂದ ನೋಂದಣಿಗೆ ಇ-ಖಾತೆ (ಆಸ್ತಿಯ ಡಿಜಿಟಲ್ ಖಾತೆ ದಾಖಲೆ) ಕಡ್ಡಾಯವಾಗಿರುವುದರಿಂದ ಮಾರುವವರ ಹತ್ತಿರ ಅದು ಇದೆಯಾ ಅಂತ ಟೋಕನ್ ಅಡ್ವಾನ್ಸ್ ಕೊಡುವ ಮುಂಚೆಯೇ ಕೇಳಿ. ಇನ್ನು ಸರ್ವರ್ ವಿಷಯ: 2025ರ ಜನವರಿಯಲ್ಲಿ ಸೈಬರ್ ದಾಳಿಯಿಂದ ಕಾವೇರಿ ಸೇವೆ ಏರುಪೇರಾಗಿ ರಾಜ್ಯದ ಎಷ್ಟೋ ಕಡೆ ನೋಂದಣಿ ನಿಂತಿತ್ತು. ಸಾಲ ಮಂಜೂರಾಗಿ, ಒಳ್ಳೆಯ ದಿನ ನೋಡಿ ಬಂದವರಿಗೆ ಅದು ಸಣ್ಣ ತೊಂದರೆಯಲ್ಲ. ಅಗ್ರಿಮೆಂಟಿನಲ್ಲಿ ನೋಂದಣಿಗೆ ಕೊನೆಯ ದಿನಾಂಕ ಹಾಕುವಾಗ ಸ್ವಲ್ಪ ಹೆಚ್ಚು ಸಮಯ ಇಟ್ಟುಕೊಳ್ಳಿ.

ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ದರವನ್ನು ಚದರಡಿಯಲ್ಲೂ ತೋರಿಸಿ, ರೇರಾ ನಂಬರ್ ಹಾಕಿದರೆ ಅದೇ ಪ್ರಾಜೆಕ್ಟಿನ ದರ ಬರುವ ಹಾಗೆ ಮಾಡಿದರೆ ಉಳಿದ ಒಂದನ್ನೂ ಕೊಡಬಹುದು. ನಾವು ಸದ್ಯಕ್ಕೆ ಮೈಸೂರಿನ ಕಡೆ ವಾಲಿದ್ದೇವೆ. ಹೂಟಗಳ್ಳಿ, ಬೋಗಾದಿ ಕಡೆ ಈಚೆಗೆ ಮನೆ ತೆಗೆದುಕೊಂಡವರು ಇದ್ದರೆ ನೀರಿನ ಪರಿಸ್ಥಿತಿ ಹೇಗಿದೆ ಅಂತ ಬರೆಯಿರಿ, ಅದನ್ನು ಯಾವ ವೆಬ್‌ಸೈಟೂ ಹೇಳುತ್ತಿಲ್ಲ.