ಹಳೆ ಜೀಪಿನ ಹಿಂದಿನ ಚಕ್ರ ಅಗಲ ಮಾಡೋಕೆ ಮೂರು ದಾರಿ: ಓಡಿಸಿ ನೋಡಿದ ಮೇಲೆ

ಮಹೀಂದ್ರದ ಹಳೆ ಜೀಪು ಎಂಎಂ 540 ಇಟ್ಟುಕೊಂಡವರಿಗೆ ಒಂದು ಆಸೆ ಇದ್ದೇ ಇರುತ್ತದೆ. ಹಿಂದಿನ ಚಕ್ರ ಇನ್ನೂ ಸ್ವಲ್ಪ ಹೊರಗೆ ನಿಲ್ಲಬೇಕು. ಗಾಡಿ ಎತ್ತರ, ನಿಲುವು ಕಿರಿದು. ಸಂಡೂರಿನ ಗುಡ್ಡದ ಓರೆ ರಸ್ತೆಯಲ್ಲಿ ಪಕ್ಕಕ್ಕೆ ವಾಲಿದಾಗ ಎದೆ ಝಲ್ ಅನ್ನುತ್ತದೆ. ಸ್ಪೇಸರ್ (ಹಬ್ಬಿಗೂ ರಿಮ್ಮಿಗೂ ನಡುವೆ ಕೂರುವ ದಪ್ಪ ಬಿಲ್ಲೆ) ಹಾಕಬಹುದು, ಹೊರಕ್ಕೆ ಚಾಚಿದ ರಿಮ್ ಹಾಕಬಹುದು, ಇಲ್ಲವೇ ಅಗಲದ ಹೌಸಿಂಗನ್ನೇ (ಆಕ್ಸಲ್ ಒಳಗಿರುವ ಕಬ್ಬಿಣದ ಕವಚ) ಕೂರಿಸಬಹುದು. ನನ್ನ ಜೀಪಿನಲ್ಲಿ ಮೂರನ್ನೂ ಓಡಿಸಿದ್ದೇನೆ. ಬಳ್ಳಾರಿ ಸುತ್ತಲಿನ ಎರೆ ಹೊಲದಲ್ಲಿ, ಸಂಡೂರಿನ ಗಣಿ ಧೂಳಲ್ಲಿ, ಗಂಗಾವತಿ ಕಡೆಯ ಬಂಡೆ ದಾರಿಯಲ್ಲಿ.

ಸ್ಪೇಸರ್ ಎಲ್ಲಕ್ಕಿಂತ ಅಗ್ಗ, ಒಂದು ಮಧ್ಯಾಹ್ನದ ಕೆಲಸ. ಹಳೆ ಜೀಪಿನ ಐದು ಬೋಲ್ಟಿನ ವೃತ್ತ 5.5 ಇಂಚು, ಅಂದರೆ 139.7 ಮಿ.ಮೀ. ಆ ಅಳತೆಗೆ ಲೇತಿನಲ್ಲೂ ಮಾಡಿಸಿಕೊಳ್ಳಬಹುದು. ಆದರೆ ಸ್ಪೇಸರ್ ಹಬ್ಬಿನ ನಡುವಿನ ಉಬ್ಬಿನ ಮೇಲೆ ಬಿಗಿಯಾಗಿ ಕೂರಲೇಬೇಕು. ಇಲ್ಲದಿದ್ದರೆ ಭಾರವೆಲ್ಲ ಬೋಲ್ಟುಗಳ ಮೇಲೆ ಬೀಳುತ್ತದೆ. ಡಾಂಬರು ರಸ್ತೆಯಲ್ಲಿ ಏನೂ ಗೊತ್ತಾಗಲಿಲ್ಲ. ಗಣಿ ರಸ್ತೆಯ ಕುಲುಕಾಟಕ್ಕೆ ನಟ್ಟುಗಳು ಪದೇ ಪದೇ ಸಡಿಲ ಆಗುತ್ತಿದ್ದವು. ಪ್ರತಿ ಸಲ ಪಾನಾ ಹಿಡಿದು ನೋಡಿಯೇ ಹೊರಡಬೇಕಿತ್ತು.

ಚಾಚಿದ ರಿಮ್ಮಿನಲ್ಲಿ ಆ ಹೆಚ್ಚಿನ ಜೋಡಣೆ ಇಲ್ಲ. ಅಷ್ಟರ ಮಟ್ಟಿಗೆ ಮನಸ್ಸಿಗೆ ಸಮಾಧಾನ. ಟೈರು ಮಡ್‌ಗಾರ್ಡ್ ದಾಟಿ ಹೊರಬರುವುದರಿಂದ ಕೆಸರು, ಕಲ್ಲು ಎಲ್ಲ ಬಾಡಿಗೆ ಹೊಡೆಯುತ್ತದೆ. ಅದಕ್ಕೆ ಅಗಲ ಫ್ಲಾಪ್ ಹಾಕಿದರೆ ಆಯಿತು.

ಇವೆರಡರಲ್ಲೂ ಇರುವ ದೊಡ್ಡ ತೊಂದರೆ ಹೊರಗೆ ಕಾಣುವುದಿಲ್ಲ. ನನ್ನ ಗಾಡಿಯ ಹಿಂದಿನ ಆಕ್ಸಲ್ ಸೆಮಿ ಫ್ಲೋಟಿಂಗ್. ಗಾಡಿಯ ಭಾರ ಹೊರುವುದೂ ಚಕ್ರ ತಿರುಗಿಸುವುದೂ ಅದೇ ಶಾಫ್ಟು. ಬೇರಿಂಗು ಇದ್ದಲ್ಲೇ ಇದ್ದು ಚಕ್ರ ಮಾತ್ರ ಹೊರಗೆ ಹೋದರೆ, ಶಾಫ್ಟನ್ನು ಬಗ್ಗಿಸುವ ಬಲ ಜಾಸ್ತಿಯಾಗುತ್ತದೆ, ಬೇರಿಂಗ್ ಬೇಗ ಸವೆಯುತ್ತದೆ. ಖಾಲಿ ಗಾಡಿಗೆ ನಡೆಯಬಹುದು. ಹಿಂದೆ ಗೊಬ್ಬರದ ಚೀಲ ಹೇರುವವರಿಗೆ ಎರಡೂ ಬೇಡ.

ಅಗಲದ ಹೌಸಿಂಗಿನಲ್ಲಿ ಬೇರಿಂಗೂ ಚಕ್ರದ ಜೊತೆಗೇ ಹೊರಗೆ ಹೋಗುತ್ತದೆ. ನನಗೆ ಇದು ಇಷ್ಟವಾಗಿರುವುದೇ ಅದಕ್ಕೆ. ನಾನು ಹಾಕಿಸಿದ್ದು ಗುಜರಿಯಲ್ಲಿ ಸಿಕ್ಕ ಬೊಲೆರೊ ಹೌಸಿಂಗ್. ಬೊಲೆರೊ ಅಂದ ಮಾತ್ರಕ್ಕೆ ಎಲ್ಲವೂ ಒಂದೇ ಅಂತ ನಂಬಬೇಡಿ. ಡ್ರಮ್ಮಿನಿಂದ ಡ್ರಮ್ಮಿಗೆ ಟೇಪು ಹಿಡಿಯಿರಿ. ಬೋಲ್ಟಿನ ವೃತ್ತ ನೋಡಿ. ಡಿಫರೆನ್ಷಿಯಲ್ ಗುಂಡು (ಎರಡೂ ಚಕ್ರಕ್ಕೆ ಬಲ ಹಂಚುವ ಗೇರುಗಳಿರುವ ಉಬ್ಬು) ನಡುವೆ ಇದೆಯೋ ಪಕ್ಕಕ್ಕಿದೆಯೋ ನೋಡಿ.

ಹಲ್ಲಿನ ಲೆಕ್ಕವನ್ನು ಗುಜರಿಯಲ್ಲೇ ತೆಗೆಯಬಹುದು. ಒಂದು ಪಕ್ಕದ ಡ್ರಮ್ ಅಲ್ಲಾಡದಂತೆ ಹಿಡಿಸಿ, ಇನ್ನೊಂದನ್ನು ಪೂರ್ತಿ ಎರಡು ಸುತ್ತು ತಿರುಗಿಸಿ, ಪಿನಿಯನ್ (ಎಂಜಿನ್ ಕಡೆಯಿಂದ ಬಲ ತರುವ ಚಿಕ್ಕ ಹಲ್ಲುಗಾಲಿ) ಎಷ್ಟು ಸುತ್ತುತ್ತದೆ ಎಣಿಸಿ. ಐದಕ್ಕೆ ಚೂರು ಕಮ್ಮಿ ಬಂದರೆ 4.88, ಅಂದರೆ ಅದು ತಿರುಗಿಸುವ ದೊಡ್ಡ ಹಲ್ಲುಗಾಲಿ ಕ್ರೌನಿಗೆ 39 ಹಲ್ಲು, ಪಿನಿಯನ್ನಿಗೆ 8. ಇದು ಮುಂದಿನ ಆಕ್ಸಲಿಗೆ ಹೊಂದಲೇಬೇಕು. ಹೊಂದದಿದ್ದರೆ ಫೋರ್ ವೀಲ್ ಹಾಕಿದ ಕೂಡಲೇ ಮುಂದಿನದೂ ಹಿಂದಿನದೂ ಒಂದಕ್ಕೊಂದು ಜಗ್ಗಾಡುತ್ತವೆ, ಎರಡಕ್ಕೂ ಬಲ ಹಂಚುವ ಟ್ರಾನ್ಸ್‌ಫರ್ ಕೇಸ್ ಹಾಳಾಗುತ್ತದೆ.

ಇನ್ನು ವೆಲ್ಡಿಂಗ್. ಕಮಾನ್ ಪಟ್ಟಿ ಕೂರುವ ಪೀಠವನ್ನು ಕತ್ತರಿಸಿ ನಮ್ಮ ಚಾಸಿಸ್ ಅಗಲಕ್ಕೆ ಬೆಸೆಯಬೇಕು. ಇಲ್ಲಿ ಆತುರ ಪಟ್ಟರೆ ಮುಂದಿನದೆಲ್ಲ ಕೆಡುತ್ತದೆ. "ಅಣ್ಣ, ಮೊದ್ಲು ಟ್ಯಾಕ್ ಅಷ್ಟೇ ಹಾಕಾಣ, ಕೋನ ನೋಡಿದ್ಮ್ಯಾಲೆ ಪೂರಾ ಹೊಡಿಯಾಣ" ಅಂದ ನಮ್ಮ ಮೇಸ್ತ್ರಿ. ಟ್ಯಾಕ್ ಅಂದರೆ ಅಲ್ಲಲ್ಲಿ ಹಾಕುವ ಚಿಕ್ಕ ಬೆಸುಗೆ. ಸರಿಯಾದ ಮಾತು. ಪಿನಿಯನ್ನಿನ ಶಾಫ್ಟು ಟ್ರಾನ್ಸ್‌ಫರ್ ಕೇಸಿನ ಶಾಫ್ಟಿಗೆ ಸಮಾನಾಂತರವಾಗಿ ಇರಬೇಕು. ಇಲ್ಲದಿದ್ದರೆ ವೇಗ ಹೆಚ್ಚಿದಾಗ ಗಾಡಿ ನಡುಗುತ್ತದೆ, ನಡುವಿನ ಪ್ರೊಪೆಲ್ಲರ್ ಶಾಫ್ಟಿನ ಜಾಯಿಂಟುಗಳ ಕ್ರಾಸ್ ಬೇಗ ಹೋಗುತ್ತದೆ. ಚಕ್ರ ನೆಲದ ಮೇಲಿದ್ದು, ಗಾಡಿಯ ಪೂರ್ತಿ ಭಾರ ಪಟ್ಟಿಯ ಮೇಲೆ ಕೂತಾಗಲೇ ಈ ಕೋನ ಹಿಡಿಯಬೇಕು. ಆಮೇಲೆ ಆಕ್ಸಲ್, ಸೀಲು ಎಲ್ಲ ಹೊರಗೆ ತೆಗೆದು, ಈ ಕಡೆ ಚೂರು ಆ ಕಡೆ ಚೂರು, ಆರಲು ಬಿಟ್ಟು ಬೆಸೆಯಬೇಕು. ಒಂದೇ ಸಮ ಹೊಡೆದರೆ ಪೈಪು ಸೊಟ್ಟಗಾಗುತ್ತದೆ.

ಪೀಠದಿಂದ ಚಕ್ರದವರೆಗಿನ ಪೈಪು ಈಗ ಉದ್ದ. ಅಲ್ಲಿ ಬಗ್ಗುವ ಬಲ ಜಾಸ್ತಿ. ಹಾಗಾಗಿ ತೆಳು ಪೈಪಿನ, ತುಕ್ಕು ಹಿಡಿದ ಹೌಸಿಂಗ್ ಅಗ್ಗಕ್ಕೆ ಸಿಕ್ಕರೂ ಬಿಡಿ. ಹೌಸಿಂಗ್ ಒಳಗಿನ ಗಾಳಿ ಹೊರಹೋಗುವ ಬ್ರೀದರ್ ತೂತಿಗೆ ರಬ್ಬರ್ ಪೈಪು ಹಾಕಿ ಮೇಲಕ್ಕೆ ಎಳೆಯಿರಿ. ಸಂಡೂರಿನ ಕೆಂಪು ಧೂಳಿಗೆ ಆ ತೂತು ಮುಚ್ಚಿಕೊಂಡರೆ, ಬಿಸಿಯಾದ ಗಾಳಿ ಎಣ್ಣೆಯನ್ನು ಸೀಲಿನಿಂದ ಹೊರಗೆ ದಬ್ಬಿ ಬ್ರೇಕ್ ಲೈನರ್ ತೋಯಿಸುತ್ತದೆ. ಹ್ಯಾಂಡ್ ಬ್ರೇಕ್ ಕೇಬಲ್, ಬ್ರೇಕ್ ಪೈಪು ಹೊಸದಾಗಿ ಮಾಡಿಸಬೇಕು.

ಇಷ್ಟೆಲ್ಲ ಮಾಡಿದರೆ ಸಿಗುವುದೆಷ್ಟು? ಸುಮ್ನೆ ಒಂದು ಲೆಕ್ಕ ಹಾಕೋಣ. ಎರಡು ಚಕ್ರಗಳ ನಡುವೆ 1300 ಮಿ.ಮೀ., ತೂಕದ ಕೇಂದ್ರ ನೆಲದಿಂದ 700 ಮಿ.ಮೀ. ಅಂದುಕೊಳ್ಳಿ. ನಿಂತ ಗಾಡಿ ಸುಮಾರು 43 ಡಿಗ್ರಿ ವಾಲಿದಾಗ ಮಗುಚುತ್ತದೆ. ಮುಂದೆ ಹಿಂದೆ ಎರಡೂ ಕಡೆ ಒಂದೊಂದು ಪಕ್ಕಕ್ಕೆ 50 ಮಿ.ಮೀ. ಹೆಚ್ಚಿಸಿದರೆ 45 ಡಿಗ್ರಿ. ಹಿಂದೆ ಮಾತ್ರ ಹೆಚ್ಚಿಸಿದರೆ ಸುಮಾರು ಅದರ ಅರ್ಧ ಲಾಭ. ಆದರೂ ಬಂಡೆ ದಾರಿಯಲ್ಲಿ ಹಿಂಭಾಗ ಗಟ್ಟಿಯಾಗಿ ನಿಂತ ಅನುಭವ ಚೆನ್ನಾಗಿ ಗೊತ್ತಾಗುತ್ತದೆ.

ಎರೆ ಹೊಲದಲ್ಲಿ ಮಾತ್ರ ಕಥೆ ಉಲ್ಟಾ. ಮಳೆ ಬಿದ್ದ ಎರೆಯಲ್ಲಿ ಮುಂದಿನ ಚಕ್ರ ಮಾಡಿದ ಜಾಡಿನಲ್ಲೇ ಹಿಂದಿನದು ಬಂದರೆ ಎಂಜಿನ್ನಿಗೆ ಹಗುರ. ಹಿಂದೆ ಮಾತ್ರ ಅಗಲವಾದಾಗ ಅದು ಜಾಡಿನ ಅಂಚನ್ನು ಕೊರೆಯುತ್ತಾ, ತನ್ನದೇ ಹೊಸ ಜಾಡು ಮಾಡುತ್ತಾ ಬರುತ್ತದೆ. ಮೊದಲು ಎರಡನೇ ಗೇರಿನಲ್ಲಿ ದಾಟುತ್ತಿದ್ದ ಹೊಲಕ್ಕೆ ಈಗ ಲೋ ರೇಂಜ್ (ನಿಧಾನಕ್ಕೆ, ಹೆಚ್ಚು ಬಲಕ್ಕೆ ಇರುವ ಗೇರು) ಬೇಕು. ಬರೀ ಎರೆಯಲ್ಲೇ ಓಡಾಡುವ ರಾಯಚೂರು, ಸಿಂಧನೂರು ಕಡೆಯವರು ಕಂಪನಿ ಕೊಟ್ಟ ಅಗಲವನ್ನೇ ಇಟ್ಟುಕೊಳ್ಳುವುದು ಒಳ್ಳೆಯದು. ಗುಡ್ಡ, ಬಂಡೆ, ಭಾರ ಇದ್ದವರಿಗೆ ಹೌಸಿಂಗೇ ಸರಿ.

ಕಾನೂನನ್ನೂ ಗಮನಿಸಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರ ಮೂಲ ವಿವರಕ್ಕೆ ಹೊರತಾದ ಬದಲಾವಣೆಯನ್ನು ತಡೆಯುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿದಿದೆ. ಕತ್ತರಿಸುವ ಮುಂಚೆಯೇ ಆರ್‌ಟಿಒದಲ್ಲಿ ವಿಚಾರಿಸಿ.

ನಾನೀಗ ಅದೇ ಅಗಲದ ಫೋರ್ ವೀಲ್ ಮುಂದಿನ ಹೌಸಿಂಗ್ ಹುಡುಕುತ್ತಿದ್ದೇನೆ. ಸ್ಟೇರಿಂಗ್ ನಕಲ್ (ಮುಂದಿನ ಚಕ್ರ ಹೊರಳುವ ಕೀಲು) ಸವೆಯದೇ ಇರುವುದು ಸಿಕ್ಕರೆ ಮಾತ್ರ ತೆಗೆದುಕೊಳ್ಳುತ್ತೇನೆ. ಅಲ್ಲಿಯವರೆಗೆ ಮಳೆಗಾಲದಲ್ಲಿ ಜೀಪು ಎರೆ ಹೊಲಕ್ಕೆ ಇಳಿಯುವುದಿಲ್ಲ.