ಜೇಬಿನ ಗಾತ್ರದ ಜಿಕೆ ಕೈಪಿಡಿ: ಪ್ರಶಸ್ತಿಗಳ ಅಧ್ಯಾಯ ನಂಬಬಹುದೇ?

ಎಫ್‌ಡಿಎ, ಎಸ್‌ಡಿಎ, ಪಿಡಿಒ ಪರೀಕ್ಷೆಗೆ ಓದುವವರು ಬಸ್ಸಿನಲ್ಲೂ ತಿರುವಿಹಾಕುವ ಪುಟ್ಟ ಕೈಪಿಡಿಗಳಲ್ಲಿ ಇದೂ ಒಂದು. ಇಲ್ಲಿ ನೋಡಿರುವುದು ಪ್ರಶಸ್ತಿ ಪಡೆದ ಸಾಹಿತಿಗಳು, ವಿಜ್ಞಾನಿಗಳ ಅಧ್ಯಾಯವನ್ನು ಮಾತ್ರ. ಕೊಟ್ಟ ದುಡ್ಡಿಗೆ ಮೋಸವಿಲ್ಲ, ಹೆಸರುಗಳೂ ಬಹುತೇಕ ಸರಿ. ಎಡವಟ್ಟಾಗಿರುವುದು ಕೋಷ್ಟಕದಲ್ಲಿ.

ಸಾಹಿತಿಗಳ ಪುಟದಲ್ಲಿ ಹೆಸರು, ಕೃತಿ, ವರ್ಷ ಅಂತ ಮೂರೇ ಕಾಲಂ. ಜ್ಞಾನಪೀಠವನ್ನೂ ಕೇಂದ್ರ ಸಾಹಿತ್ಯ ಅಕಾಡೆಮಿಯನ್ನೂ ಒಂದರ ಕೆಳಗೊಂದು ತುರುಕಿದ್ದಾರೆ. ಕುವೆಂಪು ಅವರಿಗೇನೋ 1955ರ ಅಕಾಡೆಮಿ, 1967ರ ಜ್ಞಾನಪೀಠ ಎರಡೂ ಬಂದದ್ದು ‘ಶ್ರೀ ರಾಮಾಯಣ ದರ್ಶನಂ’ಗೇ, ಬಚಾವು. ಬೇಂದ್ರೆಯವರಿಗೆ ಹಾಗಲ್ಲ: ‘ಅರಳು ಮರಳು’ 1958ರ ಅಕಾಡೆಮಿ, ‘ನಾಕುತಂತಿ’ 1973ರ ಜ್ಞಾನಪೀಠ. ಕಾರಂತರಿಗೆ ಅಕಾಡೆಮಿ ಬಂದದ್ದು ‘ಯಕ್ಷಗಾನ ಬಯಲಾಟ’ಕ್ಕೆ, ಜ್ಞಾನಪೀಠ ‘ಮೂಕಜ್ಜಿಯ ಕನಸುಗಳು’ ಕಾದಂಬರಿಗೆ. ಹೊಂದಿಸಿ ಬರೆಯಿರಿ ಪ್ರಶ್ನೆಗಳಲ್ಲಿ ಮಾರ್ಕ್ಸ್ ಹೋಗುವುದೇ ಇಂಥ ಕಡೆ. ಪ್ರತಿ ಸಾಲಿನ ಪಕ್ಕ ಪೆನ್ಸಿಲ್ಲಿನಲ್ಲಿ ‘ಜ್ಞಾ’, ‘ಅ’ ಅಂತ ಗುರುತು ಹಾಕಿಕೊಂಡೇ ಓದಬೇಕು.

ಇನ್ನೊಂದು ಗೊಂದಲ. 1980ರ ದಶಕದ ಆರಂಭದಿಂದ ಜ್ಞಾನಪೀಠ ಕೊಡುತ್ತಿರುವುದು ಒಂದು ಕೃತಿಗಲ್ಲ, ಒಟ್ಟು ಸಾಹಿತ್ಯ ಸೇವೆಗೆ. ಮಾಸ್ತಿಯವರ (1983) ಜೊತೆ ‘ಚಿಕವೀರ ರಾಜೇಂದ್ರ’ವನ್ನು ಸೇರಿಸಿ ಹೇಳುವುದು ರೂಢಿ, ಅದು ಉತ್ತರದ ಆಯ್ಕೆಗಳಲ್ಲಿದ್ದರೆ ಅದನ್ನೇ ಗುರುತಿಸಿ. ಆದರೆ ಅನಂತಮೂರ್ತಿಯವರ (1994) ಮುಂದೆ ‘ಸಂಸ್ಕಾರ’ ಎಂದು ಹಾಕಿರುವುದು ಶುದ್ಧ ತಪ್ಪು, ಹೊಡೆದುಹಾಕಿ.

ವಿಜ್ಞಾನಿಗಳ ಪುಟ ವಾಸಿ. ಐನ್‌ಸ್ಟೈನ್ ಅವರ ನೊಬೆಲ್ ದ್ಯುತಿವಿದ್ಯುತ್ ಪರಿಣಾಮಕ್ಕೆ, ಸಾಪೇಕ್ಷತೆಗಲ್ಲ ಎಂದು ಸರಿಯಾಗಿಯೇ ಕೊಟ್ಟಿದ್ದಾರೆ. ಅದು 1921ರ ಬಹುಮಾನ, ಘೋಷಿಸಿದ್ದು 1922ರಲ್ಲಿ ಎಂಬುದನ್ನು ಮಾತ್ರ ಬಿಟ್ಟಿದ್ದಾರೆ. ಎರಡೂ ಇಸವಿ ಆಯ್ಕೆಗಳಲ್ಲಿದ್ದರೆ 1921 ಹಿಡಿಯಿರಿ. ರಾಮನ್ ಅವರ ಸಾಲಿನಲ್ಲಿ ಬೆಂಗಳೂರು ಎಂದಷ್ಟೇ ಇದೆ. ರಾಮನ್ ಪರಿಣಾಮ ಪತ್ತೆಯಾದದ್ದು 1928ರಲ್ಲಿ, ಕೋಲ್ಕತ್ತದಲ್ಲಿ, ನೊಬೆಲ್ 1930ರಲ್ಲಿ, ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದದ್ದು 1933ರಲ್ಲಿ.

ಮುಖಪುಟದಲ್ಲಿ ‘ಹೊಸ ಆವೃತ್ತಿ’ ಅಂತ ದಪ್ಪಕ್ಷರದಲ್ಲಿದ್ದರೂ ನಂಬಬೇಡಿ. ರಟ್ಟು ಬದಲಿಸಿ ಒಳಗೆ ಹಳೇ ಪುಟಗಳನ್ನೇ ಬಿಡುವುದು ಈ ವ್ಯಾಪಾರದಲ್ಲಿ ಹೊಸದೇನಲ್ಲ. ಅಂಗಡಿಯಲ್ಲೇ ನಿಂತು ಎರಡು ಕಡೆ ನೋಡಿ. ಎರಡು ಸಲ ನೊಬೆಲ್ ಗೆದ್ದವರ ಪಟ್ಟಿಯಲ್ಲಿ ಮೇರಿ ಕ್ಯೂರಿ, ಪೌಲಿಂಗ್, ಬಾರ್ಡೀನ್, ಸ್ಯಾಂಗರ್ ಜೊತೆ ಶಾರ್ಪ್‌ಲೆಸ್ (2001, 2022) ಇರಬೇಕು. 2025ರ ಅಂತರರಾಷ್ಟ್ರೀಯ ಬೂಕರ್ ಎದುರು ಬಾನು ಮುಷ್ತಾಕ್ ಅವರ ‘ಹಾರ್ಟ್ ಲ್ಯಾಂಪ್’ ಇರಬೇಕು, ಜೊತೆಗೆ ಅನುವಾದಕಿ ದೀಪಾ ಭಾಸ್ತಿ ಅವರ ಹೆಸರೂ. ಬಹುಮಾನದ 50,000 ಪೌಂಡ್ ಇಬ್ಬರಿಗೂ ಸಮಪಾಲು. ಈ ಪ್ರತಿಯಲ್ಲಿ ನೊಬೆಲ್ ಪಟ್ಟಿ ನಾಲ್ಕೇ ಹೆಸರಿಗೆ ನಿಂತಿದೆ, ಬೂಕರ್ ಸಾಲಿನಲ್ಲಿ ದೀಪಾ ಅವರ ಹೆಸರಿಲ್ಲ. ಐದಕ್ಕೆ ಮೂರು ಸ್ಟಾರ್. ಪೆನ್ಸಿಲ್ ಹಿಡಿದು ತಿದ್ದಿಕೊಳ್ಳುವ ತಾಳ್ಮೆ ಇಲ್ಲದವರು ಇದನ್ನು ಕೊಳ್ಳಬೇಡಿ.