ಸೀಲ್ ತಲೆಯ ಸಿಟಿಡಿ ಟ್ಯಾಗ್: ತಾಪಮಾನ ನಂಬಿ, ಲವಣಾಂಶ ತಿದ್ದಿ

ಅಂಟಾರ್ಕ್ಟಿಕದ ಚಳಿಗಾಲದಲ್ಲಿ ಕಡಲಹಿಮದ ಅಡಿಯ ನೀರನ್ನು ಅಳೆಯುವುದು ಹಡಗಿಗೆ ಆಗದ ಮಾತು. ಸಾಮಾನ್ಯವಾಗಿ ಹತ್ತು ದಿನಕ್ಕೊಮ್ಮೆ ಮೇಲೇಳುವ ಆರ್ಗೋ ಫ್ಲೋಟಿಗೂ (ಕಡಲಲ್ಲಿ ತಾನಾಗಿ ತೇಲುತ್ತ ಅಳೆಯುವ ಉಪಕರಣ) ನೆತ್ತಿಯ ಮೇಲೆ ಹಿಮವಿದ್ದರೆ ಉಪಗ್ರಹ ಸಿಗುವುದಿಲ್ಲ. ಆದರೆ ಎಲಿಫೆಂಟ್ ಸೀಲ್, ವೆಡೆಲ್ ಸೀಲ್‌ಗಳು ಉಸಿರಿಗಾಗಿ ಎಲ್ಲಾದರೂ ಬಿರುಕು ಹುಡುಕಿ ತಲೆ ಎತ್ತಲೇಬೇಕು. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯದ ಸಮುದ್ರ ಸಸ್ತನಿ ಸಂಶೋಧನಾ ಘಟಕ ತಯಾರಿಸುವ ಸಿಟಿಡಿ-ಎಸ್‌ಆರ್‌ಡಿಎಲ್ ಟ್ಯಾಗನ್ನು (ನೀರಿನ ವಾಹಕತೆ, ತಾಪಮಾನ, ಆಳ ಅಳೆದು ಉಪಗ್ರಹಕ್ಕೆ ಕಳಿಸುವ ಪುಟ್ಟ ಉಪಕರಣ) ಅಂಟಿಸುವುದು ಆ ತಲೆಗೇ. (ಸೀಲ್ ಅಂದರೆ ನೀರುನಾಯಿ ಎಂದುಕೊಳ್ಳಬೇಡಿ. ನೀರುನಾಯಿ ನಮ್ಮ ತುಂಗಭದ್ರೆಯದು, ಅದರ ಕುಲವೇ ಬೇರೆ.)

ಟ್ಯಾಗಿನ ತೂಕ ಅರ್ಧ ಕಿಲೋಗಿಂತ ತುಸು ಹೆಚ್ಚು, ತಾಳಿಕೊಳ್ಳುವ ಆಳ 2000 ಮೀಟರ್. ನೂರಾರು ಕಿಲೋ ತೂಗುವ ಹೆಣ್ಣು ಎಲಿಫೆಂಟ್ ಸೀಲ್‌ಗೆ ಇದೊಂದು ಭಾರವಲ್ಲ. ಒಳಗೆ ಒತ್ತಡ, ತಾಪಮಾನ, ವಿದ್ಯುದ್ವಾಹಕತೆಯ ಸಂವೇದಕಗಳು, ಲಿಥಿಯಂ ಬ್ಯಾಟರಿ, ನೀರಿನಿಂದ ಮೇಲೆ ಬಂದದ್ದನ್ನು ಗುರುತಿಸುವ ಸ್ವಿಚ್, ಮೇಲೊಂದು ಆಂಟೆನಾ.

ಅಂಟಿಸುವ ಹೊತ್ತು ತಪ್ಪಿದರೆ ದುಡ್ಡು ನೀರಿಗೆ. ರೋಮ ಉದುರಿ ಹೊಸದು ಬಂದ ಮೇಲೆಯೇ ಅಂಟಿಸಬೇಕು, ಏಕೆಂದರೆ ಮುಂದಿನ ವರ್ಷ ರೋಮದ ಜತೆಗೇ ಟ್ಯಾಗ್ ಕಳಚಿ ಬೀಳುತ್ತದೆ. ಅರಿವಳಿಕೆ ಕೊಟ್ಟ ಪ್ರಾಣಿಯ ಉಸಿರಾಟದ ಮೇಲೆ ಒಬ್ಬರು ಕಣ್ಣಿಟ್ಟೇ ಇರಬೇಕು: ಉಸಿರು ಬಿಗಿಹಿಡಿಯುವುದೇ ಇದರ ಸ್ವಭಾವ, ಮಂಪರಿನಲ್ಲಿ ಅದು ಅಪಾಯ. ರೋಮ ಒಣಗಿಸಿ, ಜಿಡ್ಡು ತೆಗೆದು, ಎರಡು ಭಾಗದ ಎಪಾಕ್ಸಿಯನ್ನು ತೆಳುವಾಗಿ ಹಚ್ಚಿ. ದಪ್ಪಗೆ ಮೆತ್ತಿದರೆ ಗಟ್ಟಿಯಾಗುವಾಗಿನ ಬಿಸಿ ಚರ್ಮಕ್ಕೆ ತಾಗುತ್ತದೆ. ಚಳಿಯಲ್ಲಿ ಅಂಟು ಬೇಗ ಹಿಡಿಯದು, ಆದ್ದರಿಂದ ಟ್ಯೂಬುಗಳನ್ನು ಜಾಕೆಟ್ಟಿನೊಳಗೆ ಬೆಚ್ಚಗಿಡಿ. ವಾಹಕತೆಯ ಸಂವೇದಕಕ್ಕೋ ಸ್ವಿಚ್ಚಿಗೋ ಅಂಟು ತಾಗಿದರೆ ಟ್ಯಾಗ್ ಅಲ್ಲಿಗೇ ಅರ್ಧ ಕೆಟ್ಟಂತೆ.

ದೊಡ್ಡ ಮಿತಿ ಆರ್ಗೋಸ್ ಉಪಗ್ರಹ ಸಂಪರ್ಕದ್ದು. ಸೀಲ್ ಮೇಲಿರುವುದು ಎರಡು-ಮೂರು ನಿಮಿಷ. ಒಂದು ಸಂದೇಶಕ್ಕೆ ಸಿಗುವ ಜಾಗ 32 ಬೈಟ್. ಹಾಗಾಗಿ ಟ್ಯಾಗ್ ಸಾಮಾನ್ಯವಾಗಿ ಆರು ಗಂಟೆಗೊಂದು ಅತಿ ಆಳದ ಮುಳುಗನ್ನು ಆರಿಸಿ, ಮೇಲೇರುವಾಗ ಅಳೆದದ್ದನ್ನು ಸುಮಾರು 20 ಬಿಂದುಗಳಿಗೆ ಇಳಿಸಿ ಕಳಿಸುತ್ತದೆ. ನೀರಿನ ತೆಳು ಪದರಗಳು ಇದರಲ್ಲಿ ಮಾಯ. ಬಿದ್ದ ಟ್ಯಾಗ್ ಮತ್ತೆ ಕೈಗೆ ಸಿಕ್ಕರೆ ಮಾತ್ರ ಪೂರ್ತಿ ದಾಖಲೆ ಸಿಗಬಹುದು. ಸ್ಥಾನದಲ್ಲೂ ಕೆಲವು ಕಿಲೋಮೀಟರ್ ಹೆಚ್ಚುಕಡಿಮೆ. ನಕ್ಷೆಯ ತಳಕ್ಕಿಂತ ಸೀಲ್ ಆಳಕ್ಕೆ ಇಳಿದಂತೆ ಕಂಡರೆ ಸೀಲನ್ನಲ್ಲ, ಸ್ಥಾನವನ್ನೋ ನಕ್ಷೆಯನ್ನೋ ಅನುಮಾನಿಸಿ.

ಇನ್ನು ಲವಣಾಂಶ. ಅದನ್ನು ಲೆಕ್ಕಹಾಕುವುದು ವಾಹಕತೆಯಿಂದ. ಆ ಸಂವೇದಕದ ವಿದ್ಯುತ್ ಕ್ಷೇತ್ರ ಟ್ಯಾಗಿನಿಂದ ಹೊರಗೂ ಚಾಚಿರುತ್ತದೆ. ಪಕ್ಕದಲ್ಲೇ ಸೀಲಿನ ತಲೆ ಇರುವುದರಿಂದ ಪ್ರಯೋಗಾಲಯದಲ್ಲಿ ಸರಿಯಿದ್ದ ಅಳತೆ ಕಡಲಲ್ಲಿ ಜರುಗುತ್ತದೆ, ಅದೂ ಒಂದೊಂದು ಪ್ರಾಣಿಗೆ ಒಂದೊಂದು ಥರ. ಲವಣಾಂಶ ಹೆಚ್ಚು ಬದಲಾಗದ ಆಳದ ನೀರಿಗೆ ಹೋಲಿಸಿ ಆ ಟ್ಯಾಗಿನ ಎಲ್ಲ ಅಳತೆಯನ್ನೂ ಸರಿಸಬೇಕು. ಹಿಮದಡಿಯ ನೀರು ಹೆಪ್ಪುಗಟ್ಟುವ ಬಿಂದು, ಸುಮಾರು −1.9 ಡಿಗ್ರಿ, ತಾಪಮಾನಕ್ಕೆ ಒಳ್ಳೆಯ ಒರೆಗಲ್ಲು. ತಿದ್ದಿದ ಮೇಲೂ ತಾಪಮಾನದಲ್ಲಿ 0.03 ಡಿಗ್ರಿ, ಲವಣಾಂಶದಲ್ಲಿ 0.05ರ ಆಸುಪಾಸಿನ ದೋಷ ಲೆಕ್ಕದಲ್ಲಿರಲಿ. ಆಳಸಾಗರದ ಲವಣಾಂಶ ದಶಕಗಳಲ್ಲಿ ಕೂದಲೆಳೆಯಷ್ಟು ಇಳಿಯುವುದನ್ನು ಹಿಡಿಯಲು ಇದು ಸಾಲದು. ಹಿಮಚಾಚು (ನೆಲದಿಂದ ಕಡಲ ಮೇಲೆ ಚಾಚಿದ ಹಿಮ) ಕರಗಿದ ಸಿಹಿನೀರು ಕರಾವಳಿಯ ಉಪ್ಪುನೀರನ್ನು ತೆಳುಗೊಳಿಸುವುದನ್ನು ಹಿಡಿಯಲು ಧಾರಾಳ ಸಾಕು.

ಸಾಕು ಎನ್ನಲು ಪುರಾವೆ ಇದೆ. ಪೂರ್ವ ಅಂಟಾರ್ಕ್ಟಿಕದ ಕೇಪ್ ಡಾರ್ನ್ಲಿ ಬಳಿ ತಳನೀರು (ಸಾಗರದ ತಳಕ್ಕೆ ಇಳಿಯುವ ತಣ್ಣನೆಯ, ಭಾರದ ನೀರು) ಹುಟ್ಟುತ್ತದೆ ಎಂದು 2013ರಲ್ಲಿ ತೋರಿಸಿದ್ದು ಲಂಗರು ಹಾಕಿದ ಉಪಕರಣಗಳ ಜತೆ ಸೀಲ್‌ಗಳ ಅಳತೆ. ಪ್ರಿಡ್ಜ್ ಕೊಲ್ಲಿಯಲ್ಲಿ ಕರಗುವ ಹಿಮ ಆ ಹುಟ್ಟನ್ನೇ ಕುಗ್ಗಿಸುತ್ತಿದೆ ಎಂದು 2016ರಲ್ಲಿ ಹೇಳಿದ್ದೂ ಇದೇ ಬಗೆಯ ಟ್ಯಾಗುಗಳಿಂದ. ಭಾರತದ ಭಾರತಿ ನೆಲೆ ಇರುವುದು ಆ ಕೊಲ್ಲಿಯ ದಂಡೆಯಲ್ಲೇ. ಸೀಲ್ ಹೋಗುವುದು ಮೀನಿರುವಲ್ಲಿಗೆ, ನಿಮ್ಮ ನಕ್ಷೆಯ ಖಾಲಿ ಚೌಕಕ್ಕಲ್ಲ. ಸರಾಸರಿ ಕಟ್ಟುವಾಗ ಇದನ್ನು ಮರೆತವರು ಬಹಳ.

ಟ್ಯಾಗ್ ಕೊಳ್ಳದೆಯೂ ಕೆಲಸ ಶುರುಮಾಡಬಹುದು. ಕಡಲ ಸಸ್ತನಿಗಳ ಟ್ಯಾಗುಗಳ ಅಳತೆಯನ್ನು ಒಟ್ಟುಗೂಡಿಸುವ ಎಂಇಒಪಿ (MEOP) ಜಾಲತಾಣದಲ್ಲಿ 2004ರಿಂದೀಚಿನ ದತ್ತಾಂಶ ನೆಟ್‌ಸಿಡಿಎಫ್ (ವೈಜ್ಞಾನಿಕ ದತ್ತಾಂಶದ ಒಂದು ಮಾದರಿ) ಕಡತಗಳಾಗಿ ಉಚಿತ. ತೆರೆದ ಕೂಡಲೇ ‘ಅಡ್ಜಸ್ಟೆಡ್’ ಎಂದಿರುವ, ಅಂದರೆ ತಿದ್ದಿದ, ಮೌಲ್ಯಗಳನ್ನೇ ತೆಗೆದುಕೊಳ್ಳಿ, ಗುಣಮಟ್ಟದ ಗುರುತು 1 (ಒಳ್ಳೆಯದು) ಇರುವುದನ್ನು ಮಾತ್ರ ಉಳಿಸಿಕೊಳ್ಳಿ.